ವಿದ್ಯುತ್ತು ಒಂದೇ, ಹಣದ ಚೀಲ ಹಲವು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ರಸ್ತೆಗಳಲ್ಲಿ ಊಟದ ಪೊಟ್ಟಣಗಳನ್ನು ಹೊತ್ತು ಸದ್ದಿಲ್ಲದೆ ಓಡುವ ವಿದ್ಯುತ್ ಸ್ಕೂಟರುಗಳನ್ನು ಓದುಗರು ನಿತ್ಯವೂ ಕಾಣುತ್ತಿರುವರಷ್ಟೆ. ಸವಾರರಲ್ಲಿ ಅನೇಕರು ನಮ್ಮ ತರುಣ ಓದುಗರ ವಯಸ್ಸಿನವರೇ. ಬ್ಯಾಟರಿ ತಗ್ಗಿದಾಗ ಇಂಥವನೊಬ್ಬನು ಮಾಡಬೇಕಾದುದೇನೆಂಬುದನ್ನು ವಿಚಾರಿಸೋಣ.

ಚಾರ್ಜಿಂಗ್ ಕಂಬದ ಮೇಲಿನ ಕ್ಯೂಆರ್ ಸಂಕೇತವನ್ನು ಅವನ ಮೊಬೈಲು ಓದಿ, ಕಂಪನಿಯ ದೂರದ ಕಂಪ್ಯೂಟರಿಗೆ ತಿಳಿಸುತ್ತದೆ. ಖಾತೆಯಲ್ಲಿ ಮುಂಗಡ ಹಣವಿದ್ದರೆ ಆ ಕಂಪ್ಯೂಟರು ಕಂಬಕ್ಕೆ ಅಪ್ಪಣೆ ಕೊಡುತ್ತದೆ, ವಿದ್ಯುತ್ತು ಹರಿಯುತ್ತದೆ, ಮಾಪಕವು ಯೂನಿಟ್ಟುಗಳನ್ನು ಎಣಿಸುತ್ತದೆ. ಒಂದು ಕಿಲೋವಾಟ್ ಸಾಮರ್ಥ್ಯವನ್ನು ಒಂದು ಗಂಟೆ ಬಳಸಿದರೆ ಒಂದು ಯೂನಿಟ್ಟು. ಸ್ಕೂಟರಿಗೆ ಸುಮಾರು 3 ಯೂನಿಟ್ಟು ಸಾಕು; ಕಾರಿಗೆ 30 ಆದರೂ ಬೇಕಾದೀತು. ಯೂನಿಟ್ಟನ್ನು ದರದಿಂದ ಗುಣಿಸಿ, ತೆರಿಗೆ ಕೂಡಿಸಿ, ಮುಂಗಡದಿಂದ ಕಳೆಯುತ್ತಾರೆ.

ಇಷ್ಟೂ ಸರಿಯೆ. ಆದರೆ ಮುಂದಿನ ಕಂಬವು ಬೇರೊಂದು ಕಂಪನಿಯದಾದರೆ ಅನೇಕ ವೇಳೆ ಬೇರೊಂದು ಆ್ಯಪು, ಬೇರೊಂದು ಮುಂಗಡ. ಒಂದೊಂದರಲ್ಲಿಯೂ ಚಿಲ್ಲರೆ ಹಣ ಉಳಿದುಬಿಡುತ್ತದೆ. ಅಂದಿನ ದುಡಿಮೆಯಿಂದ ಅಂದು ಬಾಳುವವನಿಗೆ ಇದು ಅಲ್ಪವಾದ ನಷ್ಟವಲ್ಲ.

ಹೀಗಾದುದಕ್ಕೆ ಕಾರಣವುಂಟು. ಬ್ಯಾಟರಿ ತುಂಬುವುದು ವಿದ್ಯುತ್ತಿನ ಮಾರಾಟವಲ್ಲ, ಒಂದು ಸೇವೆ. ಅದಕ್ಕೆ 2003ರ ವಿದ್ಯುಚ್ಛಕ್ತಿ ಕಾಯಿದೆಯ ಪರವಾನಗಿ ಬೇಡವೆಂದು ಕೇಂದ್ರ ಸರಕಾರವು 2018ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಿತು. ಇದರಿಂದ ಯಾರು ಬೇಕಾದರೂ ಕಂಬ ನಿಲ್ಲಿಸಬಹುದಾಯಿತು. ಇದು ಒಳ್ಳೆಯದೇ; ಆದರೆ ಕಂಬಗಳೊಡನೆ ಹಣದ ಚೀಲಗಳೂ ಹೆಚ್ಚಿದವು.

ಮುಂಗಡವಿಲ್ಲದಿದ್ದರೆ ಹಣ ಕೊಡದೆ ಹೋಗುವವರುಂಟೆಂದು ಕಂಪನಿಗಳು ಹೇಳಬಹುದು. ಈ ಮಾತಿನಲ್ಲಿ ನ್ಯಾಯವಿದೆ. ಆದರೆ 2018ರಲ್ಲಿ ಬಂದ ಯುಪಿಐಯ ಎರಡನೆಯ ಆವೃತ್ತಿಯಲ್ಲಿ, ಒಂದು ಮೊತ್ತವನ್ನು ಗ್ರಾಹಕನ ಬ್ಯಾಂಕು ಖಾತೆಯಲ್ಲಿಯೇ ತಡೆದಿರಿಸಿ ಅನಂತರ ಪಡೆಯುವ ಅನುಕೂಲವಿದೆ. ಕಂಬವೂ ಕಂಪ್ಯೂಟರೂ ಮಾತನಾಡಲು ಓಸಿಪಿಪಿ, ಕಂಪನಿ ಕಂಪನಿಗಳು ಲೆಕ್ಕ ಹಂಚಿಕೊಳ್ಳಲು ಓಸಿಪಿಐ ಎಂಬ ಸಾಮಾನ್ಯ ಭಾಷೆಗಳೂ ಸಿದ್ಧವಾಗಿವೆ. ಕೊರತೆಯಿರುವುದು ವಿಜ್ಞಾನದಲ್ಲಿ ಅಲ್ಲ, ಒಡಂಬಡಿಕೆಯಲ್ಲಿ.

ಅಂಚೆಯ ಇತಿಹಾಸವು ಇಲ್ಲಿ ನಮಗೆ ಪಾಠವಾಗಬೇಕು. 1874ರಲ್ಲಿ ಬರ್ನ್ ನಗರದಲ್ಲಿ ರಾಷ್ಟ್ರಗಳು ಒಡಂಬಟ್ಟ ಮೇಲೆ, ಒಂದು ದೇಶದ ಅಂಚೆಚೀಟಿಯಿಂದಲೇ ಕಾಗದವು ಹಲವು ದೇಶಗಳನ್ನು ದಾಟತೊಡಗಿತು. ಹಾಗೆಯೇ ಒಂದು ಖಾತೆಯು ಎಲ್ಲ ಕಂಬಗಳಲ್ಲಿಯೂ ಸಲ್ಲತಕ್ಕದ್ದು. ಯೂನಿಟ್ಟಿನ ದರವೂ ತೆರಿಗೆಯೂ ಕಂಬದ ಮೇಲೆಯೇ ಕನ್ನಡದಲ್ಲಿ ಕಾಣತಕ್ಕದ್ದು. ರಾಜ್ಯದಲ್ಲಿ ಈ ಕಾರ್ಯದ ಹೊಣೆ ಹೊತ್ತ ಬೆಸ್ಕಾಂ ಸಂಸ್ಥೆಯು ಇದನ್ನು ನಿಯಮವನ್ನಾಗಿ ಮಾಡಬೇಕೆಂಬುದು ನಮ್ಮ ಅಭಿಪ್ರಾಯ.

ವಿದ್ಯಾರ್ಥಿಗಳು ಇಂತಹ ಒಂದು ಬಿಲ್ಲನ್ನು ತಾವೇ ಗುಣಿಸಿ, ಕೂಡಿಸಿ ನೋಡಲಿ. ಲೆಕ್ಕ ತಿಳಿದ ಗ್ರಾಹಕನ ಪ್ರಶ್ನೆಗೆ ಉತ್ತರ ಕೊಡದೆ ಯಾವ ಸಂಸ್ಥೆಯೂ ಬಹುಕಾಲ ಇರಲಾರದು.