ಸವೆದ ಮುದ್ದೆ ಕೋಲಿಗೆ ವಾರ್ನಿಷ್ ಬೇಡ

ಅಡುಗೆಮನೆ ಮಾತು – ಭಾಗ 9

ಮೊದಲ ಫೋಟೊ ಸ್ವಲ್ಪ ದೊಡ್ಡದು ಮಾಡಿ ನೋಡಿ. ಮುದ್ದೆ ಕೋಲಿನ ತುದಿ ಒಂದೇ ಕಡೆ ಓರೆಯಾಗಿ ಸವೆದಿದೆ. ಹಿಟ್ಟು ತಿರುವುವಾಗ ಗಂಟು ಒಡೆಯೋಕೆ ಕೋಲನ್ನು ಪಾತ್ರೆಯ ಪಕ್ಕಕ್ಕೆ ಒತ್ತುತ್ತೀವಲ್ಲ, ವರ್ಷಗಟ್ಟಲೆ ಒಂದೇ ಕೈ ಒಂದೇ ಕೋನದಲ್ಲಿ ಒತ್ತಿದ್ದರ ಗುರುತು ಅದು. ಎರಡನೇ ಫೋಟೊ ಕಡಗೋಲು. ಹಗ್ಗ ಉಜ್ಜಿ ಉಜ್ಜಿ ದಂಡಿನ ಮೇಲೆ ಉಂಗುರದ ಹಾಗೆ ಕಚ್ಚು ಬಿದ್ದಿದೆ.

ಹಳೇ ಮನೆ ಖಾಲಿ ಮಾಡುವಾಗ ಇಂಥವಕ್ಕೆ ಎರಡೇ ದಾರಿ: ಒಂದೋ ನೀರೊಲೆ, ಇಲ್ಲಾ ಗೋಡೆ. ನನಗೆ ಗೋಡೆಯೇ ಹೆಚ್ಚು ಬೇಜಾರು. ಚೆನ್ನಾಗಿ ಉಜ್ಜಿ, ಸವೆದ ಗುರುತೆಲ್ಲ ತೆಗೆದು, ಫಳಫಳ ವಾರ್ನಿಷ್ ಹೊಡೆದು ಹಾಲ್‌ನಲ್ಲಿ ನೇತುಹಾಕ್ತಾರೆ. ಬಾಗಿಲಿಗೆ ಹೊಡೆಯೋ ವಾರ್ನಿಷ್ ಕುದಿಯೋ ಹಿಟ್ಟಿಗೆ ಇಳಿಸೋಕೆ ಮಾಡಿದ್ದಲ್ಲ. ಅಲ್ಲಿಗೆ ಆ ಕೋಲಿನ ಕೆಲಸ ಮುಗೀತು.

"ಹಳೇ ಮರ, ಕ್ರಿಮಿ ಇರುತ್ತೆ" ಅಂತೀರಾ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೀನ್ ಕ್ಲೈವರ್ ತಂಡ ಹೆಚ್ಚುವ ಮಣೆಗಳ ಮೇಲೆ ಪರೀಕ್ಷೆ ಮಾಡಿ 1994ರಲ್ಲಿ ಪ್ರಕಟಿಸಿತು. ಚಾಕುವಿನ ಗೀರು ಬಿದ್ದ ಪ್ಲಾಸ್ಟಿಕ್ ಮಣೆಯನ್ನು ಕೈಯಲ್ಲಿ ತೊಳೆದು ಸ್ವಚ್ಛ ಮಾಡೋದು ಕಷ್ಟ, ಬಳಸಿ ಗೀರು ಬಿದ್ದ ಮರ ಮಾತ್ರ ಹೆಚ್ಚುಕಮ್ಮಿ ಹೊಸ ಮರದ ಹಾಗೇ ಇತ್ತು ಅನ್ನೋದು ಅವರು ಕಂಡದ್ದು. ಅದು ಮಣೆಯ ಮಾತು, ಕೋಲಿನದಲ್ಲ, ನಿಜ. ಆದರೂ "ಸವೆದಿದೆ" ಅಂದರೆ "ಕೊಳಕು" ಅಂತ ಅರ್ಥ ಅಲ್ಲ ಅನ್ನೋಕೆ ಇಷ್ಟು ಸಾಕು.

ಮರವನ್ನು ನಿಜವಾಗಿ ಹಾಳು ಮಾಡೋದು ಸಿಂಕು. ರಾತ್ರಿಯೆಲ್ಲ ನೀರಲ್ಲಿ ನೆನೆಸಿಟ್ಟು ಬೆಳಿಗ್ಗೆ ಬಿಸಿಲಿಗಿಟ್ಟರೆ, ನೀರು ಕುಡಿದು ಉಬ್ಬಿದ ಮರದ ಹೊರಮೈ ಬೇಗ ಒಣಗಿ ಕುಗ್ಗುತ್ತೆ, ಒಳಗೆ ಇನ್ನೂ ಹಸಿ. ಆ ಎಳೆದಾಟದಲ್ಲೇ ತುದಿಯಿಂದ ಸೀಳು ಶುರು. ಡಿಶ್‌ವಾಷರ್ ಅಂತೂ ಬೇಡವೇ ಬೇಡ. ಕೆಲಸ ಮುಗಿದ ತಕ್ಷಣ ತೊಳೆದು, ಒರೆಸಿ, ನೆರಳಲ್ಲಿ ಗಾಳಿಯಾಡೋ ಕಡೆ ನಿಲ್ಲಿಸಿ.

ಎಣ್ಣೆ ಹಚ್ಚಬೇಕಾ ಅಂತ ತುಂಬಾ ಜನ ಕೇಳ್ತೀರಿ. ದಿನಾ ಬಳಸೋ ಕೋಲಿಗೆ ಏನೂ ಬೇಡ ಅಂತಲೇ ನನ್ನ ಅಭಿಪ್ರಾಯ. ಕಡಲೆಕಾಯಿ ಎಣ್ಣೆ ಮರದಲ್ಲಿ ಗಟ್ಟಿಯಾಗಲ್ಲ, ಹಳತಾದಂತೆ ಕಮಟು ವಾಸನೆ ಬರುತ್ತೆ. ಹಚ್ಚಲೇಬೇಕು ಅಂದರೆ ಅಡುಗೆಗೆ ಬಳಸೋ ಅಗಸೆ ಎಣ್ಣೆ ತೆಳುವಾಗಿ ಸವರಿ, ವಾರಗಟ್ಟಲೆ ಒಣಗಲು ಬಿಡಿ. ಪೇಂಟ್ ಅಂಗಡಿಯ ಅಗಸೆ ಎಣ್ಣೆ ತರಬೇಡಿ. ಬೇಗ ಒಣಗಲಿ ಅಂತ ಅದಕ್ಕೆ ಬೇರೆ ರಾಸಾಯನಿಕ ಸೇರಿಸಿರ್ತಾರೆ.

ಎಲ್ಲಾ ಹಳೇದನ್ನೂ ಉಳಿಸಿ ಅಂತಿಲ್ಲ. ಉಗುರು ತೂರುವಷ್ಟು ಸೀಳು, ತೊಳೆದರೂ ಹೋಗದ ಬೂಷ್ಟಿನ ವಾಸನೆ, ಹಿಟ್ಟಿಗೆ ಚೂರು ಬಿಡೋ ತುದಿ – ಇವಿದ್ದರೆ ಅಡುಗೆಯಿಂದ ತೆಗೆದುಬಿಡಿ. ಹಗ್ಗದ ಕಚ್ಚು ಆಳವಾದ ಕಡಗೋಲಿಗೆ ಮತ್ತೆ ಹಗ್ಗ ಸುತ್ತಬೇಡಿ, ಅಲ್ಲೇ ಮುರಿಯುತ್ತೆ. ಸಣ್ಣ ಪಾತ್ರೆಯ ಮಜ್ಜಿಗೆಯನ್ನು ಅಂಗೈಯಲ್ಲೇ ಕಡೆಯೋಕೆ ಅದು ಇನ್ನೂ ಸಾಕು.

ನಿಮ್ಮನೆ ಕೋಲು ಯಾವ ಕಡೆ ಸವೆದಿದೆ? ಎಡಗೈಯವರದಿದ್ದರೆ ಫೋಟೊ ಖಂಡಿತ ಕಳಿಸಿ, ಪಕ್ಕಪಕ್ಕ ಇಟ್ಟು ನೋಡಬೇಕು.