ದಣಿವಿಗೆ ಮಿದುಳನ್ನು ತೆರಬೇಡಿ

ಹೋಟೆಲು ಮುಚ್ಚಿ, ಮೇಜು ಒರಸಿ, ಮೈ ಚೆಲ್ಲುವಾಗ ನಡುರಾತ್ರಿ ಮೀರಿರುತ್ತದೆ. ಭಿವಂಡಿಯ ಮಗ್ಗದ ರಾತ್ರಿಪಾಳಿ ಮುಗಿಸಿ ಬಂದವನಿಗೆ ಹಗಲು ನಿದ್ದೆ ಹತ್ತದು. ಆ ಹೊತ್ತಿಗೆ, “ಒಂದು ದಮ್ಮು ಎಳೆ, ದಣಿವೆಲ್ಲ ಹೋಗುತ್ತದೆ” ಎನ್ನುವ ಗೆಳೆಯನೊಬ್ಬ ಖೋಲಿಯಲ್ಲಿ ಇದ್ದೇ ಇರುತ್ತಾನೆ. ಗಾಂಜಾ ಸಾಧುಗಳು ಸೇದುವ ಸೊಪ್ಪು, ಅದರಿಂದ ಏನೂ ಕೆಡದು ಎಂಬುದು ಅವನ ವಾದ. ಈ ವಾದ ಎಷ್ಟು ನಿಜ?

ಹತ್ತು ವರ್ಷಕ್ಕೂ ಮೇಲ್ಪಟ್ಟು ಪ್ರತಿದಿನವೂ ವಿಪರೀತವಾಗಿ ಗಾಂಜಾ ಸೇದಿದ 15 ಮಂದಿಯ ಮಿದುಳಿನ ಚಿತ್ರ ತೆಗೆದ ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ತಾವು ಕಂಡದ್ದನ್ನು ಪ್ರಕಟಿಸಿದರು. ನೆನಪನ್ನು ಕಟ್ಟಿಡುವ ಹಿಪೊಕ್ಯಾಂಪಸ್ ಎಂಬ ಭಾಗವು, ಸೇದದವರಲ್ಲಿ ಇರುವುದಕ್ಕಿಂತ ಸರಾಸರಿ ಶೇಕಡಾ 12ರಷ್ಟು ಕಿರಿದಾಗಿತ್ತು. ಆದರೆ 2015ರಲ್ಲಿ ಅಮೆರಿಕದವರು, ಕುಡಿತದಲ್ಲಿ ಸರಿಸಮಾನರಾದವರನ್ನೇ ಹೋಲಿಸಿ ನೋಡಿದಾಗ ಇಂಥ ಅಂತರ ಕಾಣಲಿಲ್ಲ. ಆದುದರಿಂದ ಸೇದಿದವರೆಲ್ಲರ ಮಿದುಳೂ ಕುಗ್ಗುತ್ತದೆಂದು ನಾವು ಹೆದರಿಸಲಾರೆವು.

ನಮಗಿರುವ ಹೆಚ್ಚಿನ ಚಿಂತೆ ಎಳೆಯರದು. ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1037 ಮಂದಿಯನ್ನು 38ನೆಯ ವಯಸ್ಸಿನವರೆಗೆ ಗಮನಿಸಿದ ವರದಿಯೊಂದು 2012ರಲ್ಲಿ ಹೊರಬಂತು. ಹದಿಹರೆಯದಲ್ಲೇ ಗಾಂಜಾಕ್ಕೆ ದಾಸರಾಗಿ ಬಿಡದೆ ಮುಂದುವರಿದವರ ಬುದ್ಧಿಮಟ್ಟ ಸರಾಸರಿ 8 ಅಂಕ ಇಳಿದಿತ್ತು. ಪ್ರಾಯ ತುಂಬಿದ ಮೇಲೆ ಆರಂಭಿಸಿದವರಲ್ಲಿ ಅಂಥ ಇಳಿತ ಇರಲಿಲ್ಲ. ಇದಕ್ಕೆ ಮನೆತನದ ಕಾರಣಗಳೂ ಇರಬಹುದೆಂದು ಹೇಳುವ ವಿದ್ವಾಂಸರಿದ್ದಾರೆ. ಆದರೂ ಮಿದುಳು ಪೂರ್ತಿ ಬಲಿಯುವುದು ಸುಮಾರು 25ನೆಯ ವಯಸ್ಸಿಗೆ ಎಂಬುದನ್ನು ಮರೆಯುವಂತಿಲ್ಲ. ನಮ್ಮ ಹುಡುಗರು ಊರು ಬಿಟ್ಟು ಬರುವುದು ಅದಕ್ಕೆ ಎಷ್ಟೋ ಮೊದಲು.

ಹೆಂಡದ ವಿಷಯದಲ್ಲಂತೂ ಸಂಶಯವೇ ಇಲ್ಲ. ಊಟ ಬಿಟ್ಟು ವರ್ಷಗಟ್ಟಲೆ ಕುಡಿದವನ ಮೈಯಲ್ಲಿ ಥಯಾಮಿನ್ ಎಂಬ ಜೀವಸತ್ವ ಬತ್ತಿಹೋದರೆ, ಬೆಳಗಿನ ಮಾತು ಸಂಜೆಗೆ ನೆನಪಿರದಂಥ ರೋಗ ಬರಬಹುದು. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಕೆಲಸದೊಂದಿಗೆ ನೆಮ್ಮದಿಯನ್ನೂ ಕಳೆದುಕೊಂಡು ಕುಡಿತಕ್ಕೆ ಬಿದ್ದವರು ನಮ್ಮ ಚಾಳುಗಳಲ್ಲೇ ಇದ್ದರು.

ಹಗಲು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರು ಮುಂಬಯಿಯಲ್ಲಿ ಎಷ್ಟೋ ಮಂದಿ. ಅವರಿಗಿದ್ದ ಬಂಡವಾಳ ನೆನಪಿನ ಶಕ್ತಿಯೊಂದೇ. ಅದನ್ನೇ ಹೊಗೆಗೆ ಒಪ್ಪಿಸಿದರೆ ಬಡವನಿಗೆ ಉಳಿಯುವುದೇನು?

ಹೋಟೆಲಿನ ಧನಿಗಳಲ್ಲಿಯೂ ಒಂದು ಮಾತು. ಸಿಕ್ಕಿಬಿದ್ದ ಹುಡುಗನನ್ನು ರಾತ್ರೋರಾತ್ರಿ ಬೀದಿಗೆ ತಳ್ಳಿದರೆ ಚಟ ಬಿಡದು, ಅನ್ನ ಮಾತ್ರ ಹೋದೀತು. ಅವನನ್ನು ಆಸ್ಪತ್ರೆಗೆ ಕಳುಹಿಸಿರಿ. ವಾರದ ರಜೆಯನ್ನೂ, ಮಲಗಲು ಗಾಳಿಯಾಡುವ ಜಾಗವನ್ನೂ ಕೊಡಿರಿ. ಅಲ್ಪ ಪ್ರಮಾಣದ ಮಾದಕ ವಸ್ತುವಿನೊಂದಿಗೆ ಸಿಕ್ಕ ವ್ಯಸನಿಯು ತಾನಾಗಿ ಸರಕಾರ ಮನ್ನಿಸಿದ ಕಡೆ ಚಿಕಿತ್ಸೆ ಪಡೆದರೆ, ಅವನನ್ನು ಶಿಕ್ಷೆಯ ವಿಚಾರಣೆಯಿಂದ ಬಿಡಲು 1985ರ ಮಾದಕ ವಸ್ತುಗಳ ಕಾನೂನಿನಲ್ಲೇ ಅವಕಾಶವಿದೆ.

ಚಟಕ್ಕೆ ಸಿಕ್ಕಿದ ಬಂಧುಗಳೇ, ನಾಚಬೇಡಿ. 14446ಕ್ಕೆ ಫೋನು ಮಾಡಿದರೆ ಕಾಸು ಖರ್ಚಿಲ್ಲದೆ ಸಲಹೆ ದೊರೆಯುತ್ತದೆ. ಅಷ್ಟಕ್ಕೂ ಧೈರ್ಯ ಸಾಲದಿದ್ದರೆ ಸಂಘದ ಹಿರಿಯರೊಬ್ಬರ ಕೈ ಹಿಡಿಯಿರಿ. ಆಸ್ಪತ್ರೆಯ ಬಾಗಿಲವರೆಗೆ ಜೊತೆಗೆ ಬರುವುದು ನಮ್ಮ ಕರ್ತವ್ಯ.