ಪದಕ ಎಣಿಸುವ ಮುನ್ನ

ಮಕ್ಕಳಿಗೆ ಫುಟ್‌ಬಾಲ್ ಕಲಿಸುವವರು ಸಮರ್ಥರೇ ಎಂದು ತಿಳಿಯಲು ಹೆತ್ತವರು ಸಾಮಾನ್ಯವಾಗಿ ಗೆದ್ದ ಪದಕಗಳನ್ನು ಎಣಿಸುತ್ತಾರೆ. ಆ ಅಳತೆಗೋಲೇ ತಪ್ಪೆಂದು ನನ್ನ ಅಭಿಪ್ರಾಯ.

1951 ಹಾಗೂ 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತ ಚಿನ್ನ ಗೆದ್ದಾಗ ತರಬೇತುದಾರರಾಗಿದ್ದ ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನಲ್ಲಿ ಶಾಲಾ ಶಿಕ್ಷಕರಾಗಿದ್ದವರು. ಕಿರಿಯರಿಗಾಗಿ ಅವರು ದುರ್ಬಲ ಕಾಲಿನಿಂದಲೇ ಚೆಂಡನ್ನು ಒದೆಯಬೇಕಾದ ಪಂದ್ಯಗಳನ್ನು ಏರ್ಪಡಿಸಿದರು. ಒಬ್ಬನೇ ಚೆಂಡನ್ನು ಕೊಂಡೊಯ್ಯದೆ ಜೊತೆಗಾರನಿಗೆ ದಾಟಿಸಬೇಕಾದ ಪಂದ್ಯಗಳನ್ನೂ ನಡೆಸಿದರು. ಅಂಥ ಆಟದಲ್ಲಿ ತಂಡದ ಚತುರನೂ ತಡವರಿಸುತ್ತಾನೆ. ಆಗ ಎಡವಿದವನನ್ನು ಕಂಡು ನಗುವವರಾರು?

ನಮ್ಮ ಅನೇಕ ಧರ್ಮಕೇಂದ್ರಗಳ ಮೈದಾನಗಳಲ್ಲಾದರೋ, ಗೆಲ್ಲಲೇಬೇಕೆಂಬ ಹಟದಿಂದ ಎತ್ತರದ, ಬಲಿಷ್ಠ ಹುಡುಗರೇ ಕೊನೆಯವರೆಗೂ ಆಡುತ್ತಾರೆ. ಉಳಿದವರು ನೀರಿನ ಬಾಟಲಿ ಕಾಯುತ್ತಾರೆ. (ಗೆರೆಯಾಚೆ ನಿಂತು ಕಿರುಚುವ ನಾವು ತಂದೆಯರೂ ಇದಕ್ಕೆ ಹೊಣೆ.) ಹತ್ತನೆಯ ವಯಸ್ಸಿನಲ್ಲಿ ಕುಳ್ಳಗಿರುವವನು ಹದಿನಾರರಲ್ಲಿ ಎಂಥ ಆಟಗಾರನಾಗುವನೋ, ಬಲ್ಲವರಿಲ್ಲ. ಆದರೆ ಕಾದು ಕಾದು ಬೇಸತ್ತ ಅವನು ಅಷ್ಟರೊಳಗೆ ಬೂಟು ಕಳಚಿಟ್ಟಿರುತ್ತಾನೆ.

ಮುಂದಿನ ಭಾನುವಾರ ಬಲಿಪೂಜೆಯ ಬಳಿಕ ಮೈದಾನದ ಕಡೆ ಹೋದರೆ, ಎಷ್ಟು ಗೋಲಾಯಿತೆಂದು ಕೇಳಬೇಡಿ. ನಿಮ್ಮ ಮಗ ಎಷ್ಟು ಹೊತ್ತು ಆಡಿದ, ನೆರೆಮನೆಯವರ ಮಗನೂ ಆಡಿದನೇ ಎಂದು ತರಬೇತುದಾರರನ್ನು ವಿಚಾರಿಸಿ.